ಮೂರು ಸ್ಕೋಪು, ಒಂದು ಮಳೆಗಾಲ

ಹಕ್ಕಿ ನೋಡುವುದಕ್ಕೆಂದು ಕೊಂಡ ಸ್ಪಾಟಿಂಗ್ ಸ್ಕೋಪು, ಅಂದರೆ ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ, ಮೊದಲ ವರ್ಷ ಹೆಚ್ಚು ಹೊತ್ತು ಮುಖ ಮಾಡಿದ್ದು ಅಡಿಕೆ ಕೊನೆಯ (ಗೊನೆಯ) ಕಡೆಗೆ. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಲ್ಲಿ ಅದನ್ನು ಯಾರೂ ಸ್ಕೋಪು ಎನ್ನುವುದಿಲ್ಲ. ಚಿಕ್ಕಪ್ಪ ಇಟ್ಟ ಹೆಸರು ‘ಒಂಟಿಕಣ್ಣು’. ಕಳೆದ ಮಳೆಗಾಲದಲ್ಲಿ ಅಂಥ ಒಂಟಿಕಣ್ಣುಗಳು ಮೂರು ಒಟ್ಟಿಗೆ ಜಗಲಿಯ ಮೇಲೆ ಕೂತಿದ್ದವು. ಒಂದು ನನ್ನ ಹಳೆಯದು, ಒಂಬತ್ತು ಸಾವಿರ ಕೊಟ್ಟು ತರಿಸಿದ್ದು. ಇನ್ನೊಂದು ಶಿವಮೊಗ್ಗದ ಗೆಳೆಯನದು. ಅವನು ವರ್ಷದ ಮಟ್ಟಿಗೆ ಊರು ಬಿಡುವಾಗ, “ಬೀರುವಿನಲ್ಲಿ ಬೂಸ್ಟು ಹಿಡಿಸುವುದಕ್ಕಿಂತ ನೀನೇ ಬಳಸು ಮಾರಾಯ” ಎಂದು ಕೊಟ್ಟು ಹೋಗಿದ್ದ. ಮೂರನೆಯದು, ಹಳೆಯದು ಕೈಕೊಡತೊಡಗಿದ ಮೇಲೆ ಕೊಂಡದ್ದು.

ಕಂಪನಿಗಳ ಹೆಸರು ಬರೆಯುವುದಿಲ್ಲ. ಒಂದೊಂದೇ ಸ್ಕೋಪನ್ನು ಬಳಸಿ ಇಡೀ ಕಂಪನಿಯನ್ನು ತೂಗುವುದು ನ್ಯಾಯವಲ್ಲ, ಮೇಲಾಗಿ ಇದೇ ಅಳತೆಯವನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ಅಳತೆ ಇಷ್ಟು: ಹಳೆಯದು 12–36×50, ನೇರ ಕೊಳವೆ, ಸಾದಾ ಗಾಜು. ಹೊಸದು 9–27×56, ಐಪೀಸು, ಅಂದರೆ ಕಣ್ಣಿಡುವ ತುದಿ, ಓರೆಯಾಗಿ ಮೇಲಕ್ಕೆ ಬಾಗಿದ್ದು, ಇಡಿ (ED) ಗಾಜು, ಅಂದರೆ ಅಂಚಿನಲ್ಲಿ ಬಣ್ಣ ಒಡೆಯುವುದನ್ನು ತಗ್ಗಿಸುವ ಗಾಜು. ಗೆಳೆಯನದು 16–48×65, ಅದೂ ಓರೆ, ಅದೂ ಇಡಿ. ಮೊದಲೆರಡು ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಕೊನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ.

ಕೊಳ್ಳುವವರೆಲ್ಲ ಮೊದಲು ನೋಡುವುದು ಪಟ್ಟಿನ ಅಂಕಿಯನ್ನು. ನಾನೂ ಹಾಗೆಯೇ ಮೋಸಹೋದವನು. ಮಲೆನಾಡಿನಲ್ಲಿ ಮೊದಲು ನೋಡಬೇಕಾದದ್ದು ಕೊನೆಯ ಅಂಕಿಯನ್ನು ಆಗ ತಿರುಗಿಸಿಟ್ಟ ಪಟ್ಟಿನಿಂದ ಭಾಗಿಸಿದಾಗ ಎಷ್ಟು ಬರುತ್ತದೆ ಎಂಬುದನ್ನು. ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಅದು. 50ರ ಸ್ಕೋಪನ್ನು 36 ಪಟ್ಟಿಗೆ ತಿರುಗಿಸಿದರೆ ಆ ಕಂಬ 1.4 ಮಿಲಿಮೀಟರು. ಆಷಾಢದ ಸಂಜೆ, ಮೋಡ ತಲೆಯ ಮೇಲೆ ಕೂತಾಗ ನಮ್ಮ ಕಣ್ಣಿನ ಪಾಪೆ ಅದರ ಎರಡು ಮೂರು ಪಟ್ಟು ಅಗಲವಾಗಿ ತೆರೆದುಕೊಂಡು ಬೆಳಕಿಗೆ ಕಾದಿರುತ್ತದೆ, ಸ್ಕೋಪು ಕೊಡುವುದು ಮಾತ್ರ ಸೂಜಿಯ ದಾರ.

ಇದು ಕಣ್ಣಾರೆ ತಿಳಿದದ್ದು ಮಂಡಗದ್ದೆಯಲ್ಲಿ. ಮಂಡಗದ್ದೆಗೆ ಸ್ಕೋಪು ಬೇಕೇ ಎಂದು ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರು, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರುತ್ತವೆ. ರಸ್ತೆ ಬದಿಯಿಂದ ಬರಿಗಣ್ಣಿಗೂ ಕಾಣುತ್ತವೆ. ಆದರೆ ಹಕ್ಕಿ ಗೂಡು ಬಿಟ್ಟು ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಮೂರು ಸ್ಕೋಪುಗಳನ್ನು ಒಂದೇ ಹಕ್ಕಿಯ ಮೇಲೆ ಸರದಿಯಲ್ಲಿ ಇಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾನು ಹುಡುಕುತ್ತಿದ್ದದ್ದು ಒಂದು ಗೆರೆ. ಬೆಳ್ಳಕ್ಕಿಯ ಬಾಯಿಯ ಸೀಳು ಕಣ್ಣಿನ ಕೆಳಗೇ ನಿಂತರೆ ಅದು ಮಧ್ಯಮ ಬೆಳ್ಳಕ್ಕಿ, ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ. ಹೊಸದಾಗಿ ನೋಡುವವರನ್ನು ಸತಾಯಿಸುವ ಗೆರೆ.

ಜುಲೈ ಕೊನೆಯ ವಾರ, ಸಂಜೆ ಐದೂವರೆ, ಜಿಟಿಜಿಟಿ ಮಳೆ. 50ರದ್ದು 36 ಪಟ್ಟಿನಲ್ಲಿ ತೋರಿಸಿದ್ದು ದೊಡ್ಡದೊಂದು ಬೂದಿ ಬಣ್ಣದ ಹಕ್ಕಿಯನ್ನು. ಬಿಳಿ ಎಲ್ಲಿಗೆ ಹೋಯಿತೋ! 20ಕ್ಕೆ ಇಳಿಸಿದಾಗ ಬೆಳಕು ಬಂತು, ಜೊತೆಗೆ ಬೆನ್ನಿನ ಅಂಚಿಗೆ ನೇರಳೆ ಬಣ್ಣದ ಜರಿಯೂ ಬಂತು. ಕಪ್ಪು ಹಸಿರಿನ ಎದುರು ನಿಂತ ಬಿಳಿ ಹಕ್ಕಿಯಷ್ಟು ಕಠಿಣವಾಗಿ ಗಾಜನ್ನು ಪರೀಕ್ಷಿಸುವುದು ಇನ್ನೊಂದಿಲ್ಲ. ಇಡಿ ಗಾಜಿನ ಎರಡರಲ್ಲೂ ಆ ಜರಿ ಇರಲಿಲ್ಲ. 65ರದ್ದನ್ನು 48ಕ್ಕೆ ಏರಿಸಿದೆ: ತಲೆ ಕಣ್ಣು ತುಂಬುವಷ್ಟು ದೊಡ್ಡದು, ಗೆರೆ ಮಾತ್ರ ಕಲಸಿಹೋಗಿತ್ತು. 30ಕ್ಕೆ ಇಳಿಸಿದಾಗ ಕಂಡಿತು, ಕಣ್ಣಿನ ಕೆಳಗೇ ನಿಂತಿತ್ತು. 56ರದ್ದನ್ನು ಅದರ ತುತ್ತತುದಿ 27ಕ್ಕೆ ತಿರುಗಿಸಿದೆ, ಅದರಲ್ಲೂ ಕಂಡಿತು. ಲೆಕ್ಕ ಹಾಕಿ ನೋಡಿದರೆ 65ನ್ನು 30ರಿಂದ ಭಾಗಿಸಿದರೂ 56ನ್ನು 27ರಿಂದ ಭಾಗಿಸಿದರೂ ಹತ್ತಿರ ಹತ್ತಿರ 2.1. ಅಂದರೆ ಆ ಬೆಳಕಿನಲ್ಲಿ ದೊಡ್ಡಣ್ಣನೂ ಚಿಕ್ಕವನೂ ಒಂದೇ ಮೆಟ್ಟಿಲಲ್ಲಿ ನಿಂತಿದ್ದರು. 50ಕ್ಕೂ 56ಕ್ಕೂ ಅಂತರ ಆರೇ ಮಿಲಿಮೀಟರು ಎಂದು ಮೂಗು ಮುರಿಯಬೇಡಿ, ಬೆಳಕು ಕಾಲುಭಾಗ ಹೆಚ್ಚು.

ಹಾಗೆಂದು 65ರದ್ದು ಸುಮ್ಮನೆ ಭಾರ ಎನ್ನುವಂತಿಲ್ಲ. ಏಪ್ರಿಲಿನಲ್ಲಿ ಭದ್ರಾ ಹಿನ್ನೀರಿನ ಅಂಚಿಗೆ ಹೋಗಿದ್ದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್‌ಗಳು ಮೊಟ್ಟೆಯಿಡುತ್ತವೆ, ಕರಿ ಟೋಪಿ, ಹಳದಿ ಕೊಕ್ಕು. ಬೆಳಿಗ್ಗೆ ಏಳರ ಹೊತ್ತಿಗೆ, ದೂರದ ದಡದಿಂದ, 65ರದ್ದು 45 ಪಟ್ಟಿನಲ್ಲೂ ನೆಟ್ಟಗೆ ನಿಂತಿತು. ತಾಯಿಯ ನೆರಳಿನಲ್ಲಿ ಮುದುಡಿದ್ದ ಮರಿ ಕಲ್ಲಲ್ಲ, ಮರಿಯೇ ಎಂದು ತಿಳಿದದ್ದು ಅದರಿಂದಲೇ. 56ರಲ್ಲಿ ಅದು ಕಲ್ಲಾಗಿಯೇ ಉಳಿದಿತ್ತು. ಹತ್ತು ಗಂಟೆಯಾಗುತ್ತಲೇ ಬಿಸಿಲುಗುದುರೆ ಎದ್ದಿತು, ನೀರಿನ ಮೇಲಿನ ಗಾಳಿ ಕುದಿಯತೊಡಗಿತು, ಆಮೇಲೆ ಪಟ್ಟು ಹೆಚ್ಚಿಸಿದಷ್ಟೂ ಕುದಿತವೇ ಹೆಚ್ಚು ಕಂಡಿತು. ದೋಣಿಯಲ್ಲಿ ಹೋಗುವವರಿಗೆ ಮೂರೂ ದಂಡ, 10×42 ದುರ್ಬೀನು ಹಿಡಿದುಕೊಳ್ಳಿ.

ಇನ್ನು ಹೊರುವ ವಿಚಾರ. ಗೆಳೆಯನ 65, ಅದರ ತೂಕಕ್ಕೆ ತಕ್ಕ ಟ್ರೈಪಾಡು, ನೀರು, ಬುತ್ತಿ ಎಲ್ಲ ಸೇರಿ ಬೆನ್ನಿಗೇರಿಸಿಕೊಂಡು 1343 ಮೀಟರಿನ ಕೊಡಚಾದ್ರಿ ಹತ್ತಿದವನು ನಾನು. ಒಮ್ಮೆ ಮಾತ್ರ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಳ್ಳಬೇಕು. 56ರದ್ದು ಹೆಗಲಚೀಲದಲ್ಲಿ ಕೊಡೆಯ ಪಕ್ಕ ನಿಲ್ಲುತ್ತದೆ. ಚಿಕ್ಕದಕ್ಕೆ ಚಿಕ್ಕ ಟ್ರೈಪಾಡು ಸಾಕು ಎಂದು ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ. ಫೋಟೊ ಅಂಗಡಿಯ ಕಡ್ಡಿಕಾಲಿನ ಟ್ರೈಪಾಡಿನ ಮೇಲೆ ಇಟ್ಟಾಗ, ಮಂಡಗದ್ದೆಯ ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಬೆಳ್ಳಕ್ಕಿಗಳು ಚಳಿಜ್ವರ ಬಂದವರಂತೆ ನಡುಗಿದವು. ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ ನೇತುಹಾಕಿದ ಮೇಲೆ ಜ್ವರ ಇಳಿಯಿತು.

ನೇರವೋ ಓರೆಯೋ ಎಂಬ ಪ್ರಶ್ನೆಯನ್ನು ನನಗೆ ಬಗೆಹರಿಸಿದ್ದು ಅಡಿಕೆ ತೋಟ. ಮಳೆ ಹಿಡಿದ ಮೇಲೆ ಕೊಳೆರೋಗ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದು ಬಹುತೇಕ ಕಾಯಿ ಉದುರಿದ ಮೇಲೆಯೇ, ಆಗ ತಡವಾಗಿರುತ್ತದೆ. ರೋಗ ಮೊದಲು ಕಾಣಿಸುವುದು ಕಾಯಿಯ ತೊಟ್ಟಿನ ಬಳಿ, ನೀರು ನೆನೆದಂಥ ಕಡುಹಸಿರು ಕಲೆಯಾಗಿ. ನಲವತ್ತೈವತ್ತು ಅಡಿ ಎತ್ತರದ ಆ ಕಲೆಯನ್ನು ನೋಡಲು ನೇರ ಕೊಳವೆಯ 50ರದ್ದನ್ನು ಹಿಡಿದರೆ ಮರದ ಬುಡದಲ್ಲಿ ಅಂಗಾತ ಮಲಗಬೇಕು, ಮಲಗಿದವನನ್ನು ಇಂಬಳಗಳು ಬಿಡುವುದಿಲ್ಲ. ಓರೆ ಐಪೀಸಿನದಾದರೆ ಟ್ರೈಪಾಡನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಬಾವಿಗೆ ಇಣುಕಿದಂತೆ ಇಣುಕಿದರಾಯಿತು. ಮೊದಲ ಸಲ ಇಣುಕಿದ ಚಿಕ್ಕಪ್ಪ ತಲೆ ಎತ್ತಲೇ ಇಲ್ಲ. “ಕೊನೆಯೇ ಇಳಿದು ಜಗಲಿಗೆ ಬಂದ ಹಾಗಿದೆಯಲ್ಲ ಮಾರಾಯ. ಅಗೋ, ಆ ಎಡಗಡೆಯ ಕಾಯಿಗೆ ಹಿಡಿದಿದೆ.” ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ, ನೂರು ಲೀಟರು ನೀರು, ಎರಡನೆಯ ಸುತ್ತಿನ ಬೋರ್ಡೋ ದ್ರಾವಣ ಹೊಡೆಯಲು ಔಷಧಿಯವನಿಗೆ ಅಂದೇ ಹೇಳಿಕಳಿಸಿದರು. ಕೂಡಲೇ ಅವನು ಸಿಕ್ಕನೇ ಎಂಬುದು ಬೇರೆ ಕಥೆ.

ಓರೆಯದಕ್ಕೆ ಒಂದು ಕಷ್ಟವಿದೆ, ಹಕ್ಕಿಯನ್ನು ಹುಡುಕಿ ಹಿಡಿಯುವುದು ನಿಧಾನ. ಕಣ್ಣು ಕೆಳಗೆ, ಕೊಳವೆ ಮುಂದೆ. ನಾನು ಕೊಳವೆಯ ಉದ್ದಕ್ಕೂ ಒಂದು ಹಿಡಿಕಡ್ಡಿಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡಿದ್ದೇನೆ. ಕೋವಿಯ ಗುರಿಯಂತೆ ಅದರ ಮೇಲಿಂದ ನೋಡಿ ತಿರುಗಿಸಿದರೆ ಹಕ್ಕಿ ಬಂದು ಕೂರುತ್ತದೆ.

ಹಳೆಯದು ಹೇಗೆ ಕೆಟ್ಟಿತೆಂದು ಹೇಳಲೇಬೇಕು. ಪೆಟ್ಟಿಗೆಯ ಮೇಲೆ ಬರೆದದ್ದು ನೀರು ಸಿಡಿದರೆ ತಡೆಯುತ್ತದೆ ಎಂದು, ನಾನು ಓದಿಕೊಂಡದ್ದು ನೀರು ಹೋಗುವುದೇ ಇಲ್ಲ ಎಂದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಮಸೂರಕ್ಕೆ ಮಂಜು ಕಟ್ಟತೊಡಗಿತು, ಅಂಚಿನಿಂದ ಜೇಡರ ಬಲೆಯಂಥ ಎಳೆಗಳು ಹಬ್ಬಿದವು. ಬೂಸ್ಟು. ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪಿಗೆ ಒಳಗಿನಿಂದ ಮಂಜು ಕಟ್ಟುವುದಿಲ್ಲ, ಮತ್ತೆರಡೂ ಅಂಥವು. ಆದರೂ ಹೊರಗಿನ ಗಾಜಿನ ಮೇಲೆ ನಮ್ಮದೇ ಉಸಿರು ಹಬೆಯಾಗುವುದನ್ನು ಯಾವ ನೈಟ್ರೋಜನ್ನೂ ತಡೆಯದು. ಮನೆಗೆ ಬಂದ ಮೇಲೆ ಒರೆಸಿ, ಆರಿಸಿ, ಬಿಗಿ ಮುಚ್ಚಳದ ಅಕ್ಕಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಚರ್ಮದ ಚೀಲದಲ್ಲಿ ಇಟ್ಟರೆ ಬೂಸ್ಟಿಗೆ ನಾವೇ ಹಾಸಿಗೆ ಹಾಸಿದಂತೆ.

ಮಲೆನಾಡಿನಲ್ಲಿದ್ದು ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು 56, ಓರೆ, ಇಡಿ ಗಾಜು, ನೈಟ್ರೋಜನ್ ತುಂಬಿದ್ದು. ಕಾರಿನಲ್ಲಿ ಹೋಗಿ ಗಾಜನೂರು ಅಥವಾ ಭದ್ರಾ ಹಿನ್ನೀರಿನ ದಡದಲ್ಲಿ ಬೆಳಗಿನ ಜಾವ ಕೂರುವವರಾದರೆ 65 ತನ್ನ ಭಾರಕ್ಕೆ ತಕ್ಕ ಬಾಡಿಗೆ ಕೊಡುತ್ತದೆ. ಅಗ್ಗದ 50ಕ್ಕೆ ಹಾಕುವ ಹಣವನ್ನು ಒಳ್ಳೆಯ ದುರ್ಬೀನಿಗೆ ಹಾಕಿ. ಗೆಳೆಯ ಮುಂದಿನ ತಿಂಗಳು ಬರುತ್ತಾನೆ, ಅವನದನ್ನು ಹಿಂದಿರುಗಿಸಲು ಮನಸ್ಸಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಬೂಸ್ಟು ಹಿಡಿದ 50ನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದೇನೆ. 20 ಪಟ್ಟಿನಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ನೋಡಲು ಅದು ಧಾರಾಳವಾಗಿ ಸಾಕು. ಮೊನ್ನೆ ಬಂದು, “ಮಾವ, ಮೂರೇ ಕಾಣುತ್ತಿವೆ, ನಿಮ್ಮ ಸ್ಕೋಪು ಪೂರ್ತಿ ಕೆಟ್ಟಿದೆ” ಎಂದು ದೂರಿದ. ನಾಲ್ಕನೆಯದು ಗುರುವಿನ ಹಿಂದೆ ಹೋಗಿರುತ್ತದೆ, ನಾಳೆ ಮತ್ತೆ ನೋಡು ಎಂದು ಕಳಿಸಿದೆ.