ಏಪ್ರಿಲ್‌ನಲ್ಲಿ ಹಿಮ ತೋರಿಸ್ತೀವಿ ಅಂದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಊರಿಗೆ ಬಂದು ಹನ್ನೊಂದು ದಿನ ಆಯಿತು. ಕೋಪ ಇನ್ನೂ ಇಳಿದಿಲ್ಲ. ಅಕ್ಕನ ಮಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಕಾಲೇಜಿಗೆ ಹೋಗುತ್ತಿದ್ದಾನೆ. ಅವನನ್ನು ಟ್ರೆಕ್‌ಗೆ ಕರೆದುಕೊಂಡು ಹೋದವನು ನಾನು. "ಕಂಪನಿ ಒಳ್ಳೇದು ಅಕ್ಕ, ನಂಗೊತ್ತು" ಅಂತ ಧೈರ್ಯ ಹೇಳಿದವನೂ ನಾನೇ. ಅಕ್ಕ ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಾವು ಹೋಗಿದ್ದು ಉತ್ತರಾಖಂಡದ ಪಂಗರ್‌ಚುಲ್ಲಾ ಶಿಖರಕ್ಕೆ. ಜೋಶಿಮಠದ ಹತ್ತಿರ. ತುದಿ ಸುಮಾರು 4,600 ಮೀಟರ್. ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಇರುತ್ತದೆ, ಅದಕ್ಕೇ ಜನ ಹೋಗುತ್ತಾರೆ. ಬುಕ್ ಮಾಡಿದ್ದು ಬೆಂಗಳೂರಿನ ಒಂದು ಟ್ರೆಕ್ಕಿಂಗ್ ಕಂಪನಿಯಲ್ಲಿ. ಇವರ ಜೊತೆಯೇ ಕುಮಾರ ಪರ್ವತ ಹತ್ತಿದ್ದೆ, ಕುದುರೆಮುಖಕ್ಕೂ ಹೋಗಿದ್ದೆ. ಬಸ್ಸು, ಊಟ, ಪರ್ಮಿಟ್ಟು ಎಲ್ಲ ಸರಿಯಾಗಿತ್ತು. "ಕನ್ನಡ ಮಾತಾಡೋ ಟ್ರೆಕ್ ಲೀಡರ್ ಇರ್ತಾರೆ ಸರ್, ಸರ್ಟಿಫೈಡ್" ಅಂದರು. ಆ ಒಂದು ಮಾತಿಗೆ ನಾನು ಒಪ್ಪಿಬಿಟ್ಟೆ. ತಲಾ 17,500 ರೂಪಾಯಿ. ಫ್ಲೈಟ್ ಖರ್ಚು ಬೇರೆ.

ಹತ್ತು ಜನಕ್ಕೆ ಒಬ್ಬ ಲೀಡರ್ ಅಂತ ಹೇಳಿದ್ದರು. ಜೋಶಿಮಠದಲ್ಲಿ ನೋಡಿದರೆ ಹತ್ತೊಂಬತ್ತು ಜನ, ಒಬ್ಬನೇ ಲೀಡರ್, ಜೊತೆಗೆ ಅಲ್ಲಿನ ಇಬ್ಬರು ಹುಡುಗರು. ಹಿಮದಲ್ಲಿ ಜಾರದ ಹಾಗೆ ಬೂಟಿಗೆ ಹಾಕುವ ಮೈಕ್ರೋಸ್ಪೈಕ್ ಹದಿಮೂರೇ ಜೊತೆ. ಆಗಲೇ ವಾಪಸ್ ಬರಬೇಕಿತ್ತು. ಬರಲಿಲ್ಲ.

ಹವಾಮಾನ ಇಲಾಖೆಯ ಯೆಲ್ಲೋ ಅಲರ್ಟ್ ಇತ್ತು. ಲೀಡರ್‌ಗೆ ಫೋನ್‌ನಲ್ಲಿ ತೋರಿಸಿದೆ. "ಅಣ್ಣ, ಯೆಲ್ಲೋ ಅಂದ್ರೆ ಏನೂ ಇಲ್ಲ. ರೆಡ್ ಬಂದ್ರೆ ನೋಡೋಣ" ಅಂದ. ಖುಲ್ಲಾರಾ ಕ್ಯಾಂಪಿಗೆ ಹೋದ ದಿನ ಸಂಜೆ ಹಿಮ ಬಿತ್ತು. ಮಾರನೇ ದಿನವೂ ಬಿತ್ತು. ಟೆಂಟ್ ಮೇಲಿನ ಹಿಮವನ್ನು ರಾತ್ರಿ ಎರಡು ಸಲ ಒಳಗಿನಿಂದ ತಟ್ಟಿ ಕೆಡವಿದೆವು. ತುದಿಗೆ ಹೋಗುವ ದಿನಕ್ಕೆ ಆಕಾಶ ಪೂರ್ತಿ ತಿಳಿಯಾಗಿತ್ತು. ಎಲ್ಲರಿಗೂ ಖುಷಿ. ಹೊಸ ಹಿಮದ ಮೇಲೆ ಒಳ್ಳೆ ಬಿಸಿಲು ಬೀಳುವುದೇ ಅಪಾಯ ಅಂತ ಯಾರೂ ಹೇಳಲಿಲ್ಲ.

ವಸಂತದ ಹಿಮದ ಲೆಕ್ಕವೇ ಬೇರೆ. ರಾತ್ರಿ ಚಳಿಗೆ ಮೇಲ್ಪದರ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ, ಆಗ ಅದರ ಮೇಲೆ ನಡೆಯಬಹುದು. ಬಿಸಿಲು ಏರಿದ ಹಾಗೆ ನೀರು ಒಳಗಿಳಿದು ಹಿಡಿತ ಬಿಡುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತದೆ. ಅದಕ್ಕೇ ರಾತ್ರಿ ಎರಡು ಮೂರಕ್ಕೆ ಹೊರಟು, ಬಿಸಿಲು ಬಲಿಯುವುದರೊಳಗೆ ಇಳಿದುಬಿಡಬೇಕು. ಖುಲ್ಲಾರಾದಿಂದ ತುದಿಗೆ ಸುಮಾರು 1,200 ಮೀಟರ್ ಏರು ಬೇರೆ. ಕಂಪನಿ ಕಳಿಸಿದ ಪಟ್ಟಿಯಲ್ಲೂ "ರಾತ್ರಿ 2.30ಕ್ಕೆ ಹೊರಡುವುದು" ಅಂತಲೇ ಇದೆ. ನಾವು ಹೊರಟಿದ್ದು 5.20ಕ್ಕೆ. ಅಡುಗೆಯವನು ಎದ್ದಿರಲಿಲ್ಲ, ಆಮೇಲೆ ಮೈಕ್ರೋಸ್ಪೈಕ್ ಹಂಚುವುದರಲ್ಲಿ ಜಗಳ.

ಎಂಟೂವರೆ ಇರಬಹುದು. ಮುಂದೆ ಹೋಗುತ್ತಿದ್ದ ಲೀಡರ್ ನಿಂತ. ಹಿಂದೆ ಬಂದು ನನ್ನ ಪಕ್ಕ ನಿಂತು ದನಿ ತಗ್ಗಿಸಿ ಕೇಳಿದ. "ಅಣ್ಣ, ನಿಮ್ಮ ಫೋನಲ್ಲಿ ಮ್ಯಾಪ್ ಇದೆಯಾ?" ಯಾಕಪ್ಪ ಅಂದೆ. "ನಾನೂ ಈ ಕಡೆ ಫಸ್ಟ್ ಟೈಮ್ ಅಣ್ಣ. ಹಿಮದಲ್ಲಿ ದಾರಿ ಗೊತ್ತಾಗ್ತಿಲ್ಲ."

ಆ ಮಾತು ಈಗಲೂ ಕಿವಿಯಲ್ಲಿದೆ. ಇಪ್ಪತ್ನಾಲ್ಕು ವರ್ಷದ ಹುಡುಗ. ಕುಮಾರ ಪರ್ವತದಲ್ಲಿ ನಮಗೆ ಪುಳಿಯೋಗರೆ ಬಡಿಸಿದ್ದವನೇ ಇವನು. ಮಳೆ, ಜಿಗಣೆ, ಕಾಡು, ಎಲ್ಲ ಬಲ್ಲ. ಹಿಮ ಗೊತ್ತಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಫಸ್ಟ್ ಟೈಮ್ ಬರುವವನ ಕೈಗೆ ಹತ್ತೊಂಬತ್ತು ಜೀವ ಕೊಟ್ಟವರ ಮೇಲೆ ಸಿಟ್ಟು. ಫಸ್ಟ್ ಟೈಮ್! ನಾನು ಇವನನ್ನು ನಂಬಿ ಅಕ್ಕನ ಮಗನನ್ನು ಕರೆತಂದಿದ್ದೆ.

ಅಷ್ಟರಲ್ಲಿ ಮೇಲಿನ ಇಳಿಜಾರಿನಿಂದ ಸಣ್ಣ ಸಣ್ಣ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದವು. ಒಂದೊಂದೂ ಹಿಂದೆ ಗೆರೆ ಬಿಟ್ಟುಕೊಂಡು. ಅಲ್ಲಿನ ಹುಡುಗ ಅದನ್ನೇ ತೋರಿಸಿ "ವಾಪಸ್ ಚಲೋ ಸಾಬ್" ಅಂದ. ನಮ್ಮ ಲೀಡರ್ "ಆಫೀಸಲ್ಲಿ ಸಮಿಟ್ ಫೋಟೋ ಕೇಳ್ತಾರೆ, ಇನ್ನೊಂದು ಸ್ವಲ್ಪ" ಅಂದ. ಆ "ಇನ್ನೊಂದು ಸ್ವಲ್ಪ"ದಲ್ಲೇ ಅಕ್ಕನ ಮಗನ ಕಾಲು ಎರಡು ಬಂಡೆ ನಡುವೆ ತೊಡೆಯವರೆಗೂ ಇಳಿದುಹೋಯಿತು. ಹಿಮ ತೋಡಲು ಸಲಿಕೆ ಇರಲಿಲ್ಲ. ಒಂದೂ ಇರಲಿಲ್ಲ. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಕೆರೆದೆ. ಒದ್ದೆ ಹಿಮ ಸಿಮೆಂಟಿನ ಹಾಗೆ ಕಚ್ಚಿಕೊಂಡಿತ್ತು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಬೂಟು ಒಳಗೇ ಉಳಿಯಿತು, ಕಾಲು ಬಂತು. ತೋಡುತ್ತಿರುವಾಗಲೇ ಎದುರಿನ ಇಳಿಜಾರಿನ ಮೇಲ್ಪದರ ಬುಸ್ ಅಂತ ಜಾರಿ ಕೆಳಗೆ ಹೋಯಿತು. ನಾವು ದಾಟಬೇಕಿದ್ದ ಜಾಗವೇ ಅದು.

ಆಮೇಲೆ ಅಲ್ಲಿನ ಹುಡುಗರು ಒಂದು ಹೆಜ್ಜೆಯೂ ಮುಂದೆ ಇಡಲಿಲ್ಲ. ನಮ್ಮನ್ನು ಕೆಳಗೆ ತಂದದ್ದು ಅವರಿಬ್ಬರೇ.

ಈಗ ಕಂಪನಿಯವರ ಉತ್ತರ ಕೇಳಿ. ಮೊದಲ ಮೆಸೇಜು: "ಪ್ರಕೃತಿ ನಮ್ಮ ಕೈಯಲ್ಲಿಲ್ಲ ಸರ್." ಹೊರಡುವ ಟೈಮ್ ಕೂಡ ಪ್ರಕೃತಿಯ ಕೈಯಲ್ಲಿತ್ತಾ ಅಂತ ಕೇಳಿದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ: "ಮಿಕ್ಕವರು ಯಾರೂ ಕಂಪ್ಲೇಂಟ್ ಮಾಡಿಲ್ಲ." ಆಮೇಲೆ: "ನಿಮ್ಮ ಹುಡುಗನ ಫಿಟ್ನೆಸ್ ಪ್ರಾಬ್ಲಂ." ಇದನ್ನು ಓದಿ ಕೈ ನಡುಗಿತು. ಆಮೇಲೆ, ಏನಾದರೂ ಆದರೆ ಕಂಪನಿ ಹೊಣೆಯಲ್ಲ ಅಂತ ನಾನು ಸೈನ್ ಮಾಡಿದ ಕಾಗದದ ಫೋಟೋ ಕಳಿಸಿದರು. ಕೊನೆಗೆ 2,000 ರೂಪಾಯಿಯ ಕೂಪನ್, ಮಳೆಗಾಲದ ಟ್ರೆಕ್‌ಗಳಿಗೆ ಮಾತ್ರ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಟ್ರೆಕ್ ಹೋದ ತಂಡ ಹಿಮಗಾಳಿಗೆ ಸಿಕ್ಕಿ ನಮ್ಮ ಕರ್ನಾಟಕದ 9 ಜನ ತೀರಿಕೊಂಡರಲ್ವಾ? 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ ಹಿಮಕುಸಿತಕ್ಕೆ 7 ಪ್ರವಾಸಿಗರು ಬಲಿಯಾದರು. ಇದೆಲ್ಲ ಗೊತ್ತಿದ್ದೂ ನಾನು ನಾಲ್ಕು ಪ್ರಶ್ನೆ ಕೇಳದೆ ಹೋದೆ. ನೀವು ಕೇಳಿ. ಲೀಡರ್ ಈ ಸೀಸನ್‌ನಲ್ಲಿ ಆ ದಾರಿಯಲ್ಲಿ ಹೋಗಿದ್ದಾನಾ? ಎಷ್ಟು ಗಂಟೆಗೆ, ಎಲ್ಲಿದ್ದರೂ ಸರಿ, ವಾಪಸ್ ತಿರುಗುತ್ತೀರಿ? ವಾಪಸ್ ಅನ್ನುವವರು ಯಾರು, ಬೆಟ್ಟದ ಮೇಲಿರುವವನಾ, ಬೆಂಗಳೂರಿನ ಆಫೀಸಾ? ಹೊಸ ಹಿಮ ಬಿದ್ದರೆ ಒಂದೆರಡು ದಿನ ಕಾಯುವುದಕ್ಕೆ ಹೆಚ್ಚಿನ ದಿನ ಇಟ್ಟಿದ್ದೀರಾ? ಹಿಮಕುಸಿತದ ಎಚ್ಚರಿಕೆಯನ್ನು ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಕೊಡುತ್ತದೆ, ಅದನ್ನು ನೀವೇ ನೋಡಿ. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹಿಮ ಜಾರುವುದು ಜಾಸ್ತಿ. ಸಲಿಕೆ ಇದೆಯಾ ಅಂತ ಕಣ್ಣಾರೆ ನೋಡಿ.

ಕಂಪನಿ ಹೆಸರು ಇಲ್ಲಿ ಹಾಕುತ್ತಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ನಿನ್ನೆ ಅವರ ಹೊಸ ಉತ್ತರ ಬಂತು, ತಂಡ ರಾತ್ರಿ ಮೂರಕ್ಕೇ ಹೊರಟಿತ್ತಂತೆ. ನಮ್ಮ ಬ್ಯಾಚ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವತ್ತು ಬೆಳಿಗ್ಗೆ ಕ್ಯಾಂಪಿನಲ್ಲಿ ಟೀ ಕುಡಿಯುತ್ತಾ ಗ್ರೂಪ್ ಫೋಟೋ ತೆಗೆದಿರಲ್ಲ, ದಯವಿಟ್ಟು ಅದನ್ನು ಕಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ತೆಗೆದ ಟೈಮ್ ಉಳಿಯುತ್ತದೆ.