ಕ್ಯಾಪ್ನೋಗ್ರಾಫ್ ಇರುವ ಮಾನಿಟರ್: ಆರು ವರ್ಷ ಬಳಸಿದ ಮೇಲೆ

ಚಿಕ್ಕಮಗಳೂರಿನ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಅರಿವಳಿಕೆ ವೈದ್ಯನಾಗಿರುವ ನಾನು, ರೋಗಿ ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆದು ಅಂಕಿಯಲ್ಲೂ ಅಲೆಯಂಥ ಗೆರೆಯಲ್ಲೂ ತೋರಿಸುವ ಈ ಮಾನಿಟರನ್ನು ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಹಠ ಹಿಡಿದು ಇದನ್ನು ತರಿಸಿದ್ದಕ್ಕೆ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾದ ಭಯವೂ ಒಂದು ಕಾರಣ. ಐಸೊಫ್ಲೂರೇನ್, ಸೆವೊಫ್ಲೂರೇನ್‌ನಂಥ ಅರಿವಳಿಕೆಗಳಿಂದಲೋ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್‌ನಿಂದಲೋ, ವಂಶದಲ್ಲಿ ಆ ದೋಷವಿರುವವರ ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಹತೋಟಿ ತಪ್ಪಿ ಬಿಡುಗಡೆಯಾಗಿ, ಸ್ನಾಯುಗಳು ಸೆಟೆದುಕೊಂಡು ಮೈ ಒಳಗಿನಿಂದಲೇ ಕಾಯತೊಡಗುತ್ತದೆ. ಆದರೆ ಮೈ ಬಿಸಿಯಾಗುವುದು ಸಾಮಾನ್ಯವಾಗಿ ತಡವಾಗಿ. ವೆಂಟಿಲೇಟರಿನ ವೇಗ ಹೆಚ್ಚಿಸಿದರೂ ಇಳಿಯದೆ ಏರುತ್ತಲೇ ಹೋಗುವ ಡೈಆಕ್ಸೈಡ್ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ, ಕಾಫಿ ತೋಟದ ಕಾರ್ಮಿಕರೊಬ್ಬರ ಹರ್ನಿಯಾ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ 38 ಇದ್ದ ಡೈಆಕ್ಸೈಡ್ ಅಂಕಿ ಇಪ್ಪತ್ತು ನಿಮಿಷದಲ್ಲಿ 54ಕ್ಕೆ ಏರಿತು. ದವಡೆ ಮುಟ್ಟಿ ನೋಡಿದೆ, ಸಡಿಲವಾಗಿತ್ತು, ನಾಡಿ 82. ಆಗ ಕಣ್ಣಿಗೆ ಬಿದ್ದದ್ದು ಅಲೆಯ ತಳ: ಉಸಿರು ಒಳಗೆಳೆದಾಗ ಸೊನ್ನೆಗೆ ಇಳಿಯಬೇಕಾದ ಗೆರೆ 7ರಲ್ಲೇ ನಿಂತಿತ್ತು. ಹೊರಬಿಟ್ಟ ಉಸಿರಿನ ಡೈಆಕ್ಸೈಡನ್ನು ಹೀರಿಕೊಳ್ಳುವ, ಡಬ್ಬಿಯಲ್ಲಿ ತುಂಬಿಟ್ಟ ಸೋಡಾಲೈಮ್ ಮುಗಿದಿತ್ತು. ನಾನು ಹೆದರಿದ್ದ ಆ ಹೈಪರ್‌ಥರ್ಮಿಯಾದಲ್ಲೂ ಸೋಡಾಲೈಮ್ ಬೇಗ ಸವೆದು ಡಬ್ಬಿ ಕಾಯುವುದುಂಟಾದ್ದರಿಂದ ಅದನ್ನೂ ಮುಟ್ಟಿ ನೋಡಿದೆ, ಎಂದಿನಷ್ಟೇ ಬೆಚ್ಚಗಿತ್ತು. ಬದಲಾಯಿಸಿದ ಹತ್ತು ನಿಮಿಷಕ್ಕೆ ಅಂಕಿ 40ಕ್ಕೆ ಬಂತು. ಬರೀ ಅಂಕಿ ತೋರಿಸುವ ಅಗ್ಗದ ಮಾದರಿ ತೆಗೆದುಕೊಂಡಿದ್ದರೆ ಆ ದಿನ ನಾನು ಸುಮ್ಮನೆ ಗಾಬರಿಯಾಗುತ್ತಿದ್ದೆ.

ದೂರುಗಳೂ ಇವೆ. ನಮ್ಮ ಮಳೆಗಾಲದ ತೇವಕ್ಕೆ, ನೀರ ಹನಿ ಹಿಡಿದಿಡುವ ವಾಟರ್ ಟ್ರ್ಯಾಪ್ ಬೇಗ ತುಂಬುತ್ತದೆ, ಉಸಿರಿನ ಮಾದರಿ ಎಳೆಯುವ ಸಣ್ಣ ಕೊಳವೆಯಲ್ಲಿ ಹನಿ ಕಟ್ಟಿ ಅಲೆ ಚಪ್ಪಟೆಯಾಗುತ್ತದೆ. ಅಂಕಿ ಮಿತಿ ದಾಟಿದಾಗ ಅಲಾರಂ ಕೂಗುತ್ತದೆಯೇ ಹೊರತು, ಮಿತಿಯೊಳಗೇ ಬಿಡದೆ ಏರುತ್ತಿದ್ದರೆ ಏನನ್ನೂ ಹೇಳುವುದಿಲ್ಲ. ಏರಿಕೆ ಕಾಣುವ ಟ್ರೆಂಡ್ ಪುಟವೋ ಮೂರು ಗುಂಡಿ ಒತ್ತಿದ ಮೇಲೆ ಸಿಗುತ್ತದೆ. ದೇಹದ ಉಷ್ಣತೆ ಅಳೆಯುವ ಪ್ರೋಬ್‌ಗೆ ಬೇರೆ ದುಡ್ಡು.

ಇನ್ನೊಂದು ಕೊರತೆ ಯಂತ್ರದ್ದಲ್ಲ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾದ ಚಿಕಿತ್ಸೆಗೆ ಬೇಕಾದ ಔಷಧಿ ಡ್ಯಾಂಟ್ರೋಲೀನ್ ಕಿಲೋಗೆ 2.5 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರ ಮೊದಲ ಡೋಸಿಗೇ 20 ಮಿಲಿಗ್ರಾಂನ ಎಂಟು ಬಾಟಲಿ; ನಮ್ಮ ಕಪಾಟಿನಲ್ಲಿ ಒಂದೂ ಇಲ್ಲ, ಎರಡು ಸಲ ಬರೆದುಕೊಟ್ಟಿದ್ದೇನೆ. ಅದು ಬರುವವರೆಗೆ ಅಲಾರಂ ಮಿತಿಯನ್ನು 50ರಿಂದ 45ಕ್ಕೆ ಇಳಿಸಿಟ್ಟಿದ್ದೇನೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡನ್ನೇ ತುಂಬುವ ಲ್ಯಾಪರೊಸ್ಕೋಪಿ ದಿನಗಳಲ್ಲಿ ಅದು ಪದೇ ಪದೇ ಕೂಗಿ ಓಟಿ ಸಿಸ್ಟರ್ ಗೊಣಗುತ್ತಾರೆ.