ಆಲ್ಪ್ಸ್ ಇಳಿಜಾರಿನ ಎರಡು ಥಿಸಲ್‌ಗಳು: ನಿಮ್ಮ ಅಂಗಳಕ್ಕೆ ಯಾವುದು?

ದಕ್ಷಿಣ ಜರ್ಮನಿಯ ನಿಮ್ಮ ಮನೆಯಂಗಳಕ್ಕೆ ಬೆಳ್ಳಿ ಥಿಸಲ್ ಒಪ್ಪುತ್ತದೆಯೋ ಉಣ್ಣೆ ಥಿಸಲ್ ಒಪ್ಪುತ್ತದೆಯೋ ಎಂದು ಕೇಳಿದ್ದೀರಿ. ಥಿಸಲ್ ಎಂದರೆ ಮುಳ್ಳೆಲೆಗಳ ಹೂಗಿಡ; ಎರಡೂ ಸೂರ್ಯಕಾಂತಿಯ ಕುಟುಂಬದವು. ಎರಡಕ್ಕೂ ಸುಣ್ಣದಂಶವಿರುವ ಮಣ್ಣು ಮತ್ತು ಧಾರಾಳ ಬಿಸಿಲು ಬೇಕು.

ಮೊದಲು ಜಾಗವನ್ನು ನೋಡಿ. ಬೆಳ್ಳಿ ಥಿಸಲ್, ಅಂದರೆ ಕಾರ್ಲಿನಾ ಅಕೌಲಿಸ್, ನೆಲಕ್ಕೆ ಅಂಟಿದಂತೆ ಎಲೆಗಳನ್ನು ಹರಡಿ ನಡುವೆ ಅಂಗೈಯಗಲದ ಹೂತಲೆಯನ್ನು ಬಿಡುವುದರಿಂದ, ಅದಕ್ಕೆ ಚಿಕ್ಕ ಕಲ್ಲುಪಾತಿಯೂ ಸಾಕಾಗುತ್ತದೆ. ಉಣ್ಣೆ ಥಿಸಲ್, ಅಂದರೆ ಸಿರ್ಸಿಯಂ ಎರಿಯೊಫೊರಂ, ಒಂದೂವರೆ ಮೀಟರ್‌ವರೆಗೂ ಬೆಳೆಯಬಲ್ಲದು. ಅದರ ಮುಳ್ಳು ಬಲು ಚೂಪಾದ್ದರಿಂದ ಮಕ್ಕಳು ಓಡಾಡುವ ಕಡೆ ನೆಡಬಾರದು.

ಬಾಳಿಕೆಯಲ್ಲಿ ಬೆಳ್ಳಿ ಥಿಸಲ್ ಮುಂದಿದೆ. ಅದು ಬಹುವಾರ್ಷಿಕ, ಆದರೆ ತಾಯಿಬೇರು ಆಳಕ್ಕಿಳಿಯುವುದರಿಂದ ಸ್ಥಳ ಬದಲಿಸಿದರೆ ಬದುಕುವುದು ಕಷ್ಟ, ನೀರು ನಿಂತರೂ ಬೇರು ಕೊಳೆಯುತ್ತದೆ. ಉಣ್ಣೆ ಥಿಸಲ್ ಮೊದಲ ವರ್ಷ ಎಲೆ ಹರಡಿ, ಮುಂದೆ ಹೂಬಿಟ್ಟು ಬೀಜ ಕಟ್ಟಿದೊಡನೆ ಸಾಯುತ್ತದೆಯಾದ್ದರಿಂದ, ಬೀಜ ಉದುರಿ ಮೊಳೆಯಲು ಬರಿಯ ನೆಲ ಬಿಟ್ಟಿರಬೇಕು.

ಚೆಲುವಿನ ವಿಷಯದಲ್ಲಿ ನನ್ನ ಒಲವು ಬೆಳ್ಳಿ ಥಿಸಲ್‌ನ ಕಡೆಗೇ. ಗಾಳಿಯಲ್ಲಿ ತೇವ ಏರಿದಾಗ ಅದರ ಹೊಳೆಯುವ ಹೊರದಳಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಒಣಗಿದಾಗ ಮತ್ತೆ ತೆರೆಯುತ್ತವೆ. ಕೊಯ್ದು ಒಣಗಿಸಿದ ಹೂವಿನಲ್ಲೂ ಈ ಚಲನೆ ಉಳಿಯುತ್ತದೆ. ದುಂಬಿ, ಚಿಟ್ಟೆಗಳಿಗಾಗಿ ವಿಶಾಲ ಹುಲ್ಲುಗಾವಲು ಬೆಳೆಸುವವರಿಗೆ ಮಾತ್ರ, ನೇರಳೆ ಹೂಗಳನ್ನು ಎತ್ತರದಲ್ಲಿ ಬಿಡುವ ಉಣ್ಣೆ ಥಿಸಲ್ ಹೆಚ್ಚು ಸೂಕ್ತ.

ಯಾವುದನ್ನೇ ಆರಿಸಿದರೂ ಬೀಜವನ್ನೋ ಸಸಿಯನ್ನೋ ನರ್ಸರಿಯಿಂದಲೇ ಕೊಳ್ಳಿರಿ. ಬೆಳ್ಳಿ ಥಿಸಲ್ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಪಡೆದ ಸಸ್ಯವಾದ್ದರಿಂದ ಬೆಟ್ಟದಿಂದ ಕಿತ್ತು ತರುವಂತಿಲ್ಲ.